ಬಾಯಿದ್ದವನಿಗೆ ಮಾರ್ಕು

ಕಾಲೇಜಿನ ಮಾರ್ಕಿನ ವಿಚಾರ ದುಡಿಯುವವರ ಪತ್ರಿಕೆಯಲ್ಲಿ ಏಕೆ ಎಂದು ಕೆಲವರು ಕೇಳಬಹುದು. ನಮ್ಮ ಓದುಗರಲ್ಲಿ ಬಹುಮಂದಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಈ ಲೇಖಕನೂ ಎಸ್.ಎಸ್.ಎಲ್.ಸಿ. ಮುಗಿಸಿ ಮೇಷ್ಟರ ಕೆಲಸ ಹಿಡಿದವನೇ ಹೊರತು ಅದರಾಚೆಗೆ ಓದಿದವನಲ್ಲ. ಆದರೆ ನಮ್ಮ ಮಕ್ಕಳು ಈಗ ಆ ಮೆಟ್ಟಿಲು ಹತ್ತುತ್ತಿದ್ದಾರೆ. ಅವರ ಫೀಸು ನಮ್ಮ ಕೂಲಿಯಿಂದ, ನಮ್ಮ ಅಂಗಡಿಯ ಗಲ್ಲದಿಂದ ಹೋಗುತ್ತದೆ. ಆದುದರಿಂದ ಅಲ್ಲಿ ಅವರನ್ನು ಯಾವ ತಕ್ಕಡಿಯಲ್ಲಿಟ್ಟು ತೂಗುತ್ತಾರೆ ಎಂದು ಕೇಳುವ ಹಕ್ಕು ನಮಗಿದೆ. ಪದವಿಯಿಲ್ಲದವನು ಪದವಿಯ ವಿಷಯ ಮಾತಾಡಬಾರದು ಎನ್ನುವುದಾದರೆ, ಭೂಮಿಯಿಲ್ಲದವನು ಭೂಮಿಯ ವಿಷಯವನ್ನೂ ಮಾತಾಡಬಾರದೆಂದಾಗುತ್ತದೆ. ಆ ವಾದವನ್ನು ನಮ್ಮ ಪಕ್ಷ ಎಂದೂ ಒಪ್ಪಿದ್ದಿಲ್ಲ.

ಸಂಗತಿ ಇಷ್ಟು. ಹಿಂದೆ ಕಾಲೇಜೆಂದರೆ ವರ್ಷದ ಕೊನೆಗೆ ಮೂರು ಗಂಟೆಯ ಪರೀಕ್ಷೆ, ಅಲ್ಲಿಗೆ ಮುಗಿಯಿತು. ಈಗ ಹಾಗಿಲ್ಲ. ಪರೀಕ್ಷೆಗೆ ಒಂದು ಪಾಲು, ಕಾಲೇಜಿನೊಳಗೆ ಅಧ್ಯಾಪಕರೇ ಹಾಕುವ ಒಳ ಅಂಕಕ್ಕೆ ಇನ್ನೊಂದು ಪಾಲು. ಎಸ್.ಎಸ್.ಎಲ್.ಸಿ.ಯಲ್ಲೇ ಇದು ಶುರುವಾಗುತ್ತದೆ. ಅಲ್ಲಿ ನೂರರಲ್ಲಿ 80 ಪರೀಕ್ಷೆಗೆ, 20 ಒಳಗಿನದು. ಪ್ರಯೋಗಶಾಲೆಯಿಲ್ಲದ ವಿಷಯಗಳಿಗೆ ಎರಡನೇ ಪಿ.ಯು.ಸಿ.ಯಲ್ಲೂ ಈಗ ಹಾಗೆಯೇ. ಪದವಿ ತರಗತಿಗಳಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯೆಂಬುದು 2021-22ರಲ್ಲಿ ಕರ್ನಾಟಕಕ್ಕೆ ಬಂದಾಗ ಈ ಪಾಲು ನೂರಕ್ಕೆ 40ರವರೆಗೆ ಏರಿತು. 2024-25ರಿಂದ ರಾಜ್ಯ ಸರ್ಕಾರ ಆ ನೀತಿಯನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿದ ಮೇಲೆ ಪಾಲು ತಗ್ಗಿತು, ಹೋಗಲಿಲ್ಲ. ಕೋಲಾರದ ಬೆಂಗಳೂರು ಉತ್ತರ ವಿಶ್ವವಿದ್ಯಾನಿಲಯಕ್ಕೆ ಸೇರಿದ ನಮ್ಮ ಕಾಲೇಜುಗಳೂ ಈ ಏರಿಳಿತವನ್ನೆಲ್ಲ ಕಂಡಿವೆ.

ಈ ಒಳ ಅಂಕ ಯಾವುದಕ್ಕೆ? ಕಿರುಪರೀಕ್ಷೆ, ಅಸೈನ್‌ಮೆಂಟು, ಹಾಜರಿ, ಸೆಮಿನಾರು. ಇವುಗಳ ಜೊತೆಗೆ ‘ತರಗತಿಯಲ್ಲಿ ಭಾಗವಹಿಸುವಿಕೆ’ ಎಂಬುದೊಂದು ಬಾಬು. ಕಿರುಪರೀಕ್ಷೆಗೆ ಕಾಗದವಿದೆ. ಹಾಜರಿಗೆ ಪುಸ್ತಕವಿದೆ. ಭಾಗವಹಿಸುವಿಕೆಗೆ ಏನಿದೆ? ಯಾರು ಎದ್ದು ನಿಂತು ಪ್ರಶ್ನೆ ಕೇಳಿದರು, ಯಾರು ಉತ್ತರ ಕೊಟ್ಟರು, ಯಾರು ಚೆನ್ನಾಗಿ ಸೆಮಿನಾರು ಮಾಡಿದರು ಎಂಬ ಅಧ್ಯಾಪಕರ ನೆನಪು ಮಾತ್ರ ಇದೆ. ಆ ನೆನಪು ಟರ್ಮಿನ ಕೊನೆಗೆ ಅಂಕವಾಗಿ ಪಟ್ಟಿಗೆ ಇಳಿಯುತ್ತದೆ.

ಲೆಕ್ಕ ಹಾಕಿ ನೋಡಿ. 60–40ರ ಕಾಲದಲ್ಲಿ ಇಬ್ಬರು ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಸಮನಾಗಿ 42 ತೆಗೆದರೆಂದಿಟ್ಟುಕೊಳ್ಳೋಣ. ಒಬ್ಬನಿಗೆ ಒಳಗಿನದು 36, ಇನ್ನೊಬ್ಬನಿಗೆ 20. ಒಬ್ಬನದು 78 ಆಯಿತು, ಇನ್ನೊಬ್ಬನದು 62. ಕಾಗದದ ಮೇಲೆ ಇಬ್ಬರ ತಿಳಿವಳಿಕೆಯೂ ಒಂದೇ. ಪಟ್ಟಿಯಲ್ಲಿ 16 ಅಂಕದ ಅಂತರ. ಈ ಅಂತರವೆಲ್ಲವೂ ಮಾತಿನದೇ ಎಂದು ನಾವು ಹೇಳುವುದಿಲ್ಲ, ಕಿರುಪರೀಕ್ಷೆಯೂ ಅದರಲ್ಲಿ ಸೇರಿರುತ್ತದೆ. ಆದರೆ ಎಷ್ಟು ಮಾತಿನದು, ಎಷ್ಟು ಬರಹದ್ದು ಎಂದು ವಿದ್ಯಾರ್ಥಿಗೆ ಬಿಡಿಸಿ ಹೇಳುವವರು ಯಾರು? ಬಿ.ಎಡ್. ಸೀಟು ಪದವಿಯ ಅಂಕದ ಮೇಲೆ ಸಿಗುವಂಥದು. ಮುಂದೆ ಮೇಷ್ಟರಾಗಬೇಕೆಂದು ಹೊರಟ ನಮ್ಮ ಹುಡುಗಿಗೆ ಹತ್ತು ಅಂಕವೆಂದರೆ ಒಂದು ಬದುಕಿನ ಹಾದಿ.

ಇಷ್ಟು ಹೇಳಿದ ಮಾತ್ರಕ್ಕೆ ಹಳೆಯ ಮೂರು ಗಂಟೆಯ ಪರೀಕ್ಷೆಯೇ ದೊಡ್ಡದು ಎಂದು ನಾವು ಹೊಗಳಲು ಹೊರಟಿಲ್ಲ. ಅದರ ದೋಷವನ್ನು ಸ್ವಾತಂತ್ರ್ಯ ಬಂದ ಮಾರನೆಯ ವರ್ಷವೇ ನಮ್ಮ ದೇಶ ಗುರುತಿಸಿತ್ತು. 1948-49ರ ರಾಧಾಕೃಷ್ಣನ್ ಆಯೋಗ, ವಿಶ್ವವಿದ್ಯಾನಿಲಯಗಳಲ್ಲಿ ಒಂದೇ ಒಂದು ಸುಧಾರಣೆ ಮಾಡುವುದಿದ್ದರೆ ಅದು ಪರೀಕ್ಷೆಯದ್ದಾಗಬೇಕು ಎಂದಿತು. ಪ್ರತಿ ವಿಷಯದ ಅಂಕಗಳಲ್ಲಿ ಮೂರನೆಯ ಒಂದು ಪಾಲನ್ನು ವರ್ಷವಿಡೀ ಮಾಡಿದ ಕೆಲಸಕ್ಕೆ ಮೀಸಲಿಡಿ ಎಂದಿತು. 1964-66ರ ಕೊಠಾರಿ ಆಯೋಗವೂ ಒಳಗಿನ ಮೌಲ್ಯಮಾಪನ ಬೇಕೆಂದಿತು. ಇಬ್ಬರ ಮಾತಿನಲ್ಲೂ ಹುರುಳಿದೆ. ಗೈಡು ಉರು ಹೊಡೆದು ಒಂದು ಬೆಳಿಗ್ಗೆ ಕಕ್ಕುವುದು ವಿದ್ಯೆಯಲ್ಲ. ಆ ಒಂದು ಬೆಳಿಗ್ಗೆ ಜ್ವರ ಬಂದರೆ, ಮನೆಯಲ್ಲಿ ಸಾವಾದರೆ ವರ್ಷದ ಶ್ರಮ ನೀರಿನಲ್ಲಿ ಹೋಮ. ಅದರಲ್ಲಿ ಬಡವನಿಗೇ ಪೆಟ್ಟು ಜಾಸ್ತಿ.

ಆದರೆ ಆ ಪರೀಕ್ಷೆಗೆ ಒಂದು ಗುಣವಿತ್ತು. ಅದು ಕುರುಡಾಗಿತ್ತು. ಉತ್ತರ ಪತ್ರಿಕೆಯ ಮೇಲೆ ಹೆಸರಿರಲಿಲ್ಲ, ನಂಬರಿತ್ತು. ತಿದ್ದುವವರು ಎಲ್ಲೋ ದೂರದ ಊರಿನವರು. ಬರೆದವನು ಯಾವ ಲೈನಿನವನು, ಯಾವ ಜಾತಿಯವನು, ಇಂಗ್ಲಿಷನ್ನು ಯಾವ ರಾಗದಲ್ಲಿ ಆಡುತ್ತಾನೆ, ಅವನ ಅಂಗಿಯ ಕಾಲರು ಹರಿದಿದೆಯೇ ಎಂಬುದೊಂದೂ ಅವರಿಗೆ ಕಾಣುತ್ತಿರಲಿಲ್ಲ. ಬಡವರ ಮನೆಯ ಮಕ್ಕಳು ಮೇಲೆ ಬಂದದ್ದರಲ್ಲಿ ಈ ಕುರುಡುತನದ ಉಪಕಾರ ಸಣ್ಣದಲ್ಲ. ಒಳ ಅಂಕಕ್ಕೆ ಕಣ್ಣಿದೆ. ಕಣ್ಣಿರುವುದು ಒಳ್ಳೆಯದೇ; ಆದರೆ ಆ ಕಣ್ಣು ಏನನ್ನು ನೋಡುತ್ತದೆ ಎಂಬುದನ್ನು ನಾವು ವಿಚಾರಿಸಬೇಡವೇ?

ಈಗ ಉರಿಗಾಂ ಕಡೆಗೆ ಬರೋಣ.

ಮಾತು ಬೆಳ್ಳಿ, ಮೌನ ಬಂಗಾರ ಎಂದು ಹಿರಿಯರು ಹೇಳಿದರು. ಬಂಗಾರದ ಗಣಿಯ ಈ ಊರಲ್ಲಿ ಮೌನಕ್ಕೆ ಸೊನ್ನೆ ಬೀಳುತ್ತಿರುವುದು ವಿಚಿತ್ರವೇ ಸರಿ. ಇಲ್ಲಿನ ಮೌನ ಎಲ್ಲಿಂದ ಬಂತೆಂದು ತಿಳಿಯದವರು ಅದಕ್ಕೆ ಬೆಲೆ ಕಟ್ಟಲಾರರು. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿಯವರು ಇಲ್ಲಿ ಗಣಿ ತೆಗೆದಾಗ ನೆಲದೊಳಗೆ ಇಳಿಯಲು ಬಂದವರು ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಯ ಕೂಲಿಕಾರರು. ಅವರಲ್ಲಿ ಹೆಚ್ಚಿನವರು ಊರ ಹೊರಗಿನ ಕೇರಿಗಳಿಂದ ಬಂದವರು. ಮನೆಯಲ್ಲಿ ತಮಿಳು, ಇಲ್ಲವೇ ತೆಲುಗು. ಸಂತೆಯಲ್ಲಿ ಕನ್ನಡ. ಮ್ಯಾನೇಜರನ ಮುಂದೆ ಇಂಗ್ಲಿಷು, ಅಂದರೆ ಮೌನ. ಶಿಫ್ಟ್ ಮುಗಿಸಿ ಮೇಲೆ ಬಂದರೆ ಚಿನ್ನ ಬಚ್ಚಿಟ್ಟುಕೊಂಡಿದ್ದಾನೇನೋ ಎಂದು ಮೈ ತಡಕಿ ಬಿಡುತ್ತಿದ್ದರು. ಆಗಲೂ ಮೌನ. ಅಧಿಕಾರಿಯ ಎದುರು ತುಟಿ ಬಿಚ್ಚದಿರುವುದು ಲೈನ್ ಮನೆಗಳಲ್ಲಿ ಮಕ್ಕಳಿಗೆ ಕಲಿಸಿದ ಮೊದಲ ಪಾಠ. ದಡ್ಡತನದಿಂದ ಕಲಿಸಿದ್ದಲ್ಲ. ಬದುಕಿ ಉಳಿಯಬೇಕೆಂದು ಕಲಿಸಿದ್ದು.

ಆ ಮನೆಯ ಮೊಮ್ಮಗನೋ ಮರಿಮಗಳೋ ಇಂದು ಉರಿಗಾಂ ಕಡೆಯ ಯಾವುದಾದರೊಂದು ಕಾಲೇಜಿನಲ್ಲಿ, ಇಲ್ಲವೇ ಬಂಗಾರಪೇಟೆಯಲ್ಲಿ, ಮೂರನೆಯದೋ ನಾಲ್ಕನೆಯದೋ ಬೆಂಚಿನಲ್ಲಿ ಕೂತಿದ್ದಾರೆ. ಪುಸ್ತಕ ಇಂಗ್ಲಿಷಿನದು. ಅಧ್ಯಾಪಕರು ಅರ್ಧ ಇಂಗ್ಲಿಷು ಅರ್ಧ ಕನ್ನಡ. ಹುಡುಗನ ತಲೆಯೊಳಗಿನ ಯೋಚನೆ ತಮಿಳಿನದು. ಪ್ರಶ್ನೆ ಬಂತು. ಅದು ಅವನಿಗೆ ಅರ್ಥವಾಯಿತು. ಉತ್ತರವೂ ಹೊಳೆಯಿತು. ಅದನ್ನು ತಮಿಳಿನಿಂದ ಎತ್ತಿ ಇಂಗ್ಲಿಷಿಗೆ ಇಳಿಸುವಷ್ಟರಲ್ಲಿ ಮೊದಲ ಬೆಂಚಿನವನು ಎದ್ದು ಹೇಳಿ ಕೂತಾಗಿದೆ. ಮೊದಲ ಬೆಂಚಿನವನ ತಂದೆ ಆಫೀಸರು, ಓದಿದ್ದು ಕಾನ್ವೆಂಟು. ಅವನ ಮೇಲೆ ನಮಗೆ ದ್ವೇಷವಿಲ್ಲ, ಅವನೂ ಮಗುವೇ. ಆದರೆ ಆ ಒಂದು ನಿಮಿಷದಲ್ಲಿ ಅಳತೆಗೆ ಸಿಕ್ಕಿದ್ದು ಅರ್ಥಶಾಸ್ತ್ರದ ತಿಳಿವಳಿಕೆಯೇ, ಮನೆಯಿಂದ ತಂದ ಇಂಗ್ಲಿಷೇ?

ಅದೇ ಮೂಕ ಹುಡುಗನನ್ನು ಸಾಯಂಕಾಲ ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನಲ್ಲಿ ನೋಡಬೇಕು. ಚಿಕ್ಕಪ್ಪನ ತರಕಾರಿ ಅಂಗಡಿಯಲ್ಲಿ ನಿಂತು ಒಬ್ಬರೊಡನೆ ತಮಿಳು, ಇನ್ನೊಬ್ಬರೊಡನೆ ತೆಲುಗು, ಮತ್ತೊಬ್ಬರೊಡನೆ ಕನ್ನಡ, ಹತ್ತಿರದ ಮಟನ್ ಅಂಗಡಿಯವರೊಡನೆ ದಖನಿ ಉರ್ದು! ನಿನ್ನೆ ಟೊಮೇಟೊ ಅಗ್ಗವಿತ್ತಲ್ಲ ಎಂದು ಕೇಳಿದ ಹೆಂಗಸಿಗೆ, ಮಳೆ ಬಿದ್ದು ಮಾಲು ಕೊಳೆತದ್ದು, ಲಾರಿ ಬಾಡಿಗೆ ಏರಿದ್ದು ಎಲ್ಲವನ್ನೂ ಒಂದೇ ಉಸಿರಿನಲ್ಲಿ ವಿವರಿಸುತ್ತಾನೆ. ಪೂರೈಕೆ ಬೇಡಿಕೆಯ ನಿಯಮ ಎಂದು ಕಾಲೇಜಿನಲ್ಲಿ ಕರೆಯುವುದು ಇದನ್ನೇ. ಮಾರ್ಕೆಟ್ಟಿನಲ್ಲಿ ಅವನು ಪ್ರೊಫೆಸರು. ಕ್ಲಾಸಿನಲ್ಲಿ ಅವನು ‘ಭಾಗವಹಿಸದವನು’.

ಹೆಣ್ಣುಮಕ್ಕಳದಂತೂ ಇನ್ನೂ ಒಂದು ಪಟ್ಟು ಹೆಚ್ಚಿನ ಕಷ್ಟ. ಗಂಡುಹುಡುಗರ ಮುಂದೆ ಎದ್ದು ಮಾತಾಡಿದರೆ ‘ಬಾಯಾಳಿ’ ಎಂಬ ಹೆಸರು, ಆಡದಿದ್ದರೆ ಅಂಕವಿಲ್ಲ. ಎರಡರಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು?

ಇನ್ನು ಹಾಜರಿ. ತರಗತಿಯಲ್ಲಿ ಭಾಗವಹಿಸಬೇಕಾದರೆ ಮೊದಲು ತರಗತಿಯಲ್ಲಿ ಇರಬೇಕಷ್ಟೆ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಮೇಲೆ ಈ ಊರಿನ ದುಡಿಮೆ ರೈಲು ಹತ್ತಿತು. ಮಾರಿಕುಪ್ಪಂ, ಚಾಂಪಿಯನ್, ಉರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಬೆಳಗಿನ ಕತ್ತಲಲ್ಲೇ ಜನ ಬೆಂಗಳೂರಿನ ಗಾಡಿ ಹತ್ತುತ್ತಾರೆ, ರಾತ್ರಿ ಇಳಿಯುತ್ತಾರೆ. ಅಪ್ಪ ಅಮ್ಮ ಇಬ್ಬರೂ ಹೋದ ಮನೆಯಲ್ಲಿ ನೀರು ಹಿಡಿಯುವುದು, ತಮ್ಮನನ್ನು ಸ್ಕೂಲಿಗೆ ಬಿಡುವುದು, ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯುವುದು ಕಾಲೇಜಿಗೆ ಹೋಗುವ ಮಗುವಿನ ಪಾಲಿಗೆ ಬೀಳುತ್ತದೆ. ಕೆಲವರು ತಾವೇ ವಾರದಲ್ಲಿ ಎರಡು ದಿನ ಅದೇ ಗಾಡಿಯಲ್ಲಿ ದುಡಿಯಲು ಹೋಗುವವರು. ಮೊದಲ ಪೀರಿಯಡ್ಡಿಗೆ ಹತ್ತು ನಿಮಿಷ ತಡವಾಗಿ ಬಂದವಳು ಬಾಗಿಲಲ್ಲಿ ನಿಂತಾಗಲೇ ಅರ್ಧ ಸೋತಿರುತ್ತಾಳೆ. ಅವಳು ಒಳಗೆ ಬಂದು ಕೈಯೆತ್ತಿ ಪ್ರಶ್ನೆ ಕೇಳಬೇಕೆಂದು ಹೇಗೆ ಬಯಸೋಣ? ದುಡಿಮೆಗೂ ಕುಟುಂಬದ ಹೊರೆಗೂ ಈ ಪಟ್ಟಿಯಲ್ಲಿ ಯಾವ ಬಾಬೂ ಇಲ್ಲ.

ತಕ್ಕಡಿಯ ಮಾತು ಬಂತಾದ್ದರಿಂದ ವ್ಯಾಪಾರಿ ಬಂಧುಗಳನ್ನು ಒಂದು ಮಾತು ಕೇಳುತ್ತೇನೆ. ನಿಮ್ಮ ತಕ್ಕಡಿಗೂ ಬಟ್ಟಿಗೂ ಕಾಲಕಾಲಕ್ಕೆ ಸರ್ಕಾರದ ಮುದ್ರೆ ಹಾಕಿಸಬೇಕು. ಮುದ್ರೆಯಿಲ್ಲದಿದ್ದರೆ ತೂಕ ಮತ್ತು ಅಳತೆ ಇಲಾಖೆಯವರು ಬಂದು ದಂಡ ಹಾಕುತ್ತಾರೆ. ಅರ್ಧ ಕಿಲೋ ಬೇಳೆ ತೂಗುವವನಿಗೆ ಇಷ್ಟು ಕಟ್ಟುನಿಟ್ಟು. ಮನುಷ್ಯರ ಮಕ್ಕಳನ್ನು ತೂಗುವ ತಕ್ಕಡಿಗೆ ಮುದ್ರೆ ಹಾಕುವವರು ಯಾರು?

ಗಣಿಯಲ್ಲಿ ಕೆಲಸ ಮಾಡಿದ ಹಿರಿಯರಿಗೆ ಇನ್ನೊಂದು ತಕ್ಕಡಿ ನೆನಪಿರಬಹುದು. ಅದಿರಿನಲ್ಲಿ ಎಷ್ಟು ಚಿನ್ನವಿದೆ ಎಂದು ಪರೀಕ್ಷಿಸುವ ಕೋಣೆಯಲ್ಲಿ ಕಲ್ಲನ್ನು ಪುಡಿ ಮಾಡಿ, ತೂಗಿ, ಸೀಸದ ಭಸ್ಮದೊಂದಿಗೆ ಮೂಸೆಯಲ್ಲಿ ಕರಗಿಸುತ್ತಾರೆ. ಸಿಕ್ಕ ಸೀಸದ ಗುಂಡನ್ನು ಮೂಳೆ ಬೂದಿಯ ಬಟ್ಟಲಲ್ಲಿಟ್ಟು ಕಾಯಿಸಿದರೆ ಸೀಸವನ್ನೆಲ್ಲ ಬಟ್ಟಲು ಹೀರಿ ಸಾಸಿವೆಗಿಂತ ಸಣ್ಣ ಮಣಿ ಉಳಿಯುತ್ತದೆ. ಅದನ್ನು ಸೂಕ್ಷ್ಮ ತಕ್ಕಡಿಯಲ್ಲಿ ತೂಗಿ ಟನ್ನಿಗೆ ಇಷ್ಟು ಎಂದು ಬರೆಯುತ್ತಾರೆ. ಅನುಮಾನ ಬಂದರೆ ಉಳಿದ ಪುಡಿಯಿಂದ ಇನ್ನೊಮ್ಮೆ ಪರೀಕ್ಷೆ. ಹೊಳೆಯುವ ಕಲ್ಲೆಲ್ಲ ಚಿನ್ನದ್ದಲ್ಲ ಎಂದು ಆ ಕೋಣೆಯಲ್ಲಿದ್ದವರಿಗೆ ಚೆನ್ನಾಗಿ ಗೊತ್ತಿತ್ತು. ಮಂಕಾದ ಕಲ್ಲಿನಲ್ಲೂ ಕಣ್ಣಿಗೆ ಕಾಣದ ಚಿನ್ನವಿರುತ್ತದೆಂದೂ ಗೊತ್ತಿತ್ತು. ಒಂದು ಹಿಡಿ ಕಲ್ಲಿಗೆ ಇಷ್ಟು ಶ್ರಮ ಪಟ್ಟ ಊರಿನಲ್ಲಿ ಒಬ್ಬ ವಿದ್ಯಾರ್ಥಿಯ ತಿಳಿವಳಿಕೆಯನ್ನು ಟರ್ಮಿನ ಕೊನೆಯ ದಿನ ಕಣ್ಣಂದಾಜಿನಲ್ಲಿ ಬರೆದು ಮುಗಿಸುವುದು ಯಾವ ನ್ಯಾಯ?

ಇಲ್ಲಿ ಅಧ್ಯಾಪಕರನ್ನು ಶತ್ರುಗಳೆಂದು ಯಾರೂ ತಿಳಿಯಬಾರದು. ಈ ಅಂಕ ಹಾಕುವವರು ಯಾರೆಂದು ನೋಡಿ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಡೆಯುತ್ತಿದ್ದದ್ದೇ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಹೆಗಲ ಮೇಲೆ. ಹೆಸರಿಗೆ ಅತಿಥಿ, ಮನೆಯ ಕೆಲಸವೆಲ್ಲ ಅವರದೇ, ಮನೆಯಲ್ಲಿ ಹಕ್ಕು ಮಾತ್ರ ಇಲ್ಲ. ಕೆಲಸ ಕಾಯಂ ಮಾಡಿ ಎಂದು 2023ರ ನವೆಂಬರಿನಿಂದ ಅವರು ತರಗತಿ ಬಹಿಷ್ಕರಿಸಿ ಬೀದಿಗಿಳಿದರು. 2024ರ ಆರಂಭದಲ್ಲಿ ಗೌರವಧನ ಸ್ವಲ್ಪ ಏರಿತು, ಕಾಯಮಾತಿಯ ಬೇಡಿಕೆ ಈಡೇರಲಿಲ್ಲ. ಮುಂದಿನ ವರ್ಷ ತನಗೆ ಕೆಲಸವಿದೆಯೋ ಇಲ್ಲವೋ ತಿಳಿಯದವರು, ಒಂದೊಂದು ತರಗತಿಯಲ್ಲಿ ಎಂಬತ್ತು ನೂರು ಮಂದಿ ಕೂತಿರುವಾಗ ಪ್ರತಿಯೊಬ್ಬನ ಮಾತನ್ನೂ ಮೌನವನ್ನೂ ಗಮನವಿಟ್ಟು ಅಳೆಯಬೇಕೆಂದರೆ ಅವರಿಂದ ಆಗುವ ಕೆಲಸವೇ ಅದು? ಹೆಸರು ಗೊತ್ತಿರುವ ಹತ್ತು ಮಂದಿಗೆ ಒಳ್ಳೆಯದು, ಉಳಿದವರಿಗೆ ಸರಾಸರಿ, ಹೀಗೆಯೇ ಆಗುತ್ತದೆ. ಇಲ್ಲವೇ ರಗಳೆಯೇ ಬೇಡವೆಂದು ಎಲ್ಲರಿಗೂ ಒಂದೇ ಅಂಕ ಹಾಕಿಬಿಡುತ್ತಾರೆ. ಆಗ ಅಳತೆ ಮಾಡಿದೆವೆಂಬುದೇ ನಾಟಕವಾಗುತ್ತದೆ.

ನಾನು ಶಾಲೆಯಲ್ಲಿ ಪಾಠ ಹೇಳಿದವನಾದ್ದರಿಂದ ಇಷ್ಟು ಬಲ್ಲೆ. ಮಾತಾಡದ ಮಗುವನ್ನು ಮಾತಾಡಿಸುವುದೇ ಮೇಷ್ಟರ ಕಸುಬಿನ ಮುಖ್ಯ ಭಾಗ. ಅದಕ್ಕೆ ತಿಂಗಳುಗಳು ಬೇಕು. ಮೊದಲು ಪಕ್ಕದವನೊಡನೆ ಮಾತಾಡಲಿ, ಆಮೇಲೆ ನಾಲ್ವರಲ್ಲಿ, ಆಮೇಲೆ ಎಲ್ಲರ ಮುಂದೆ. ತಪ್ಪು ಹೇಳಿದರೆ ನಗುವವರಿಲ್ಲ ಎಂಬ ಧೈರ್ಯ ಬಂದ ಮೇಲೆ ಮಗು ತಾನಾಗಿಯೇ ಬಾಯಿ ಬಿಡುತ್ತದೆ. ಪ್ರತಿ ಮಾತಿಗೂ ಬೆಲೆ ಚೀಟಿ ಅಂಟಿಸಿದರೆ ಆ ಧೈರ್ಯ ಹೇಗೆ ಬರಬೇಕು? ಮಾತಾಡುವವನು ಅಂಕಕ್ಕಾಗಿ ಹೆಚ್ಚು ಮಾತಾಡುತ್ತಾನೆ, ಹೆದರುವವನು ಅಂಕ ಹೋದೀತೆಂದು ಇನ್ನಷ್ಟು ಮುದುಡುತ್ತಾನೆ. ಕಲಿಸಬೇಕಾದುದನ್ನು ಕಲಿಸದೆಯೇ ಅದಕ್ಕೆ ಪರೀಕ್ಷೆ ಮಾಡುವುದು ಈಜು ಕಲಿಸದೆ ಬಾವಿಗೆ ತಳ್ಳಿ ಯಾರು ದಡ ಸೇರಿದರೆಂದು ಲೆಕ್ಕ ಬರೆದಂತೆ.

ಮಾತಿಗೆ ಅಂಕ ಕೊಡುವ ಈ ಪದ್ಧತಿಯ ದೊಡ್ಡ ಪೀಠ ಅಮೆರಿಕದಲ್ಲಿದೆ. ಅಲ್ಲಿನ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಒಂದು ವಿಷಯದ ಅಂಕಗಳಲ್ಲಿ ಅರ್ಧದಷ್ಟು ತರಗತಿಯಲ್ಲಿ ಆಡಿದ ಮಾತಿಗೇ ಹೋಗುವುದುಂಟು. ಕಂಪನಿಗಳಿಗೆ ಮ್ಯಾನೇಜರುಗಳನ್ನು ತಯಾರಿಸುವ ಜಾಗ ಅದು. ಸಭೆಯಲ್ಲಿ ಗಟ್ಟಿಯಾಗಿ ಮಾತಾಡುವುದೇ ಅವರ ಕಸುಬು, ಇರಲಿ. ಅಲ್ಲೂ ಏನಾಯಿತು? ಸೇರುವಾಗ ಗಂಡಸರಿಗೆ ಸಮನಾಗಿದ್ದ ಹೆಂಗಸರು ಒಳಗೆ ಬಂದ ಮೇಲೆ ಅಂಕದಲ್ಲಿ ಹಿಂದೆ ಬೀಳುತ್ತಿದ್ದರು, ಮುಖ್ಯವಾಗಿ ಈ ಮಾತಿನ ಬಾಬಿನಲ್ಲಿ. 2013ರಲ್ಲಿ ಪತ್ರಿಕೆಗಳಲ್ಲಿ ಬಂದ ವರದಿಯಂತೆ, ಪ್ರೊಫೆಸರುಗಳ ನೆನಪನ್ನು ನಂಬಿ ಪ್ರಯೋಜನವಿಲ್ಲವೆಂದು ತರಗತಿಗಳಲ್ಲಿ ಶೀಘ್ರಲಿಪಿಗಾರರನ್ನು ಕೂರಿಸಿ ಯಾರು ಏನು ಹೇಳಿದರೆಂದು ಬರೆಸಿದರು. ಜಗತ್ತಿನ ಶ್ರೀಮಂತ ಕಾಲೇಜೇ ತನ್ನ ಪ್ರೊಫೆಸರುಗಳ ನೆನಪನ್ನು ನಂಬಲಿಲ್ಲ. ಅವರ ಪದ್ಧತಿಯನ್ನು ನಾವು ತಂದೆವು, ಶೀಘ್ರಲಿಪಿಗಾರನನ್ನು ತರಲಿಲ್ಲ!

ನಮ್ಮ ದೇಶದ ಅನುಭವ ಇನ್ನೂ ಕಹಿ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡದ ವಿದ್ಯಾರ್ಥಿಗಳಿಗೆ ಅನ್ಯಾಯವಾಗುತ್ತಿದೆ ಎಂಬ ದೂರು ಬಂದಾಗ 2006ರಲ್ಲಿ ಕೇಂದ್ರ ಸರ್ಕಾರ ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. 2007ರಲ್ಲಿ ಬಂದ ವರದಿಯಲ್ಲಿ ಆ ವಿದ್ಯಾರ್ಥಿಗಳಲ್ಲಿ ಬಹುಮಂದಿ ಹೇಳಿದ್ದು ಒಂದೇ: ಎದುರೆದುರು ಕೂತು ನಡೆಸುವ ಮೌಖಿಕ ಪರೀಕ್ಷೆಯಲ್ಲಿ, ಪ್ರಾಯೋಗಿಕ ಪರೀಕ್ಷೆಯಲ್ಲಿ ತಮಗೆ ನ್ಯಾಯ ಸಿಗುತ್ತಿಲ್ಲವೆಂದು. ಸಂಸ್ಥೆ ಆ ವರದಿಯನ್ನು ಒಪ್ಪಲಿಲ್ಲ ಎಂಬುದು ಬೇರೆ ಮಾತು. ಹೆಸರೂ ಮುಖವೂ ಕಾಣದ ಕಡೆ ಪಾಸಾದವರು ಮುಖ ಕಾಣುವ ಕಡೆ ಹಿಂದೆ ಬೀಳುವುದಾದರೆ ದೋಷ ಯಾರದು? ಅದೇ ಥೋರಟ್ ಅವರು ಕರ್ನಾಟಕದ ರಾಜ್ಯ ಶಿಕ್ಷಣ ನೀತಿ ಆಯೋಗಕ್ಕೂ ಅಧ್ಯಕ್ಷರಾಗಿದ್ದು 2025ರ ಆಗಸ್ಟಿನಲ್ಲಿ ವರದಿ ಒಪ್ಪಿಸಿದರು. ಈ ಬಾಬನ್ನು ಬಲ್ಲವರೇ ವರದಿ ಬರೆದಿರುವಾಗ ಒಳ ಅಂಕದ ಮೇಲೆ ಕಾವಲು ಇಡಿ ಎಂದು ಸರ್ಕಾರವನ್ನು ಕೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಬೇರೆ ಇಲ್ಲ.

ಹಾಗಾದರೆ ಆಗಬೇಕಾದ್ದೇನು? ಬಾಯಿಮಾತಿಗೆ ಅಂಕ ಕೊಡುವ ಬಾಬನ್ನು ಪೂರ್ತಿ ತೆಗೆದುಹಾಕುವುದೇ ನಮ್ಮ ಅಭಿಪ್ರಾಯದಲ್ಲಿ ಸರಿ. ಮಾತು ತರಗತಿಯಲ್ಲಿ ಇರಲಿ, ಧಾರಾಳವಾಗಿ ಇರಲಿ, ಅಂಕಪಟ್ಟಿಯಲ್ಲಿ ಬೇಡ. ವರ್ಷವಿಡೀ ಬರೆದ ಕೆಲಸಕ್ಕೆ, ಕಿರುಪರೀಕ್ಷೆಗೆ ಅಂಕ ಕೊಡಲಿ, ಅದಕ್ಕೆ ಕಾಗದದ ಸಾಕ್ಷಿ ಇರುತ್ತದೆ, ಬೇಕಾದರೆ ಇನ್ನೊಬ್ಬರಿಂದ ತಿದ್ದಿಸಬಹುದು. ಕೊಠಾರಿ ಆಯೋಗ ಶಾಲೆಗಳ ವಿಷಯದಲ್ಲಿ ಹೇಳಿದಂತೆ ಒಳಗಿನ ಅಂಕವನ್ನು ಹೊರಗಿನದರೊಂದಿಗೆ ಕಲಸದೆ ಬೇರೆಯಾಗಿ ತೋರಿಸಿದರೆ ಇನ್ನೂ ಒಳ್ಳೆಯದು. ಎರಡರ ನಡುವೆ ಬಿರುಕು ಎಲ್ಲಿದೆ ಎಂದು ಯಾರಿಗಾದರೂ ಕಾಣುತ್ತದೆ.

ತೆಗೆಯುವುದಿಲ್ಲ, ಇರಲೇಬೇಕು ಎಂದು ವಿಶ್ವವಿದ್ಯಾನಿಲಯದವರು ಹಟ ಹಿಡಿದರೆ, ಅದಕ್ಕೆ ಕಟ್ಟಳೆ ಇರಲಿ. ಏನೇನಕ್ಕೆ ಎಷ್ಟು ಎಂದು ಟರ್ಮಿನ ಮೊದಲ ವಾರದಲ್ಲೇ ನೋಟೀಸ್ ಬೋರ್ಡಿಗೆ ಹಾಕಬೇಕು. ಭಾಗವಹಿಸುವುದೆಂದರೆ ಎದ್ದು ಮಾತಾಡುವುದೊಂದೇ ಅಲ್ಲ. ಚೀಟಿಯಲ್ಲಿ ಪ್ರಶ್ನೆ ಬರೆದು ಕೊಡುವುದು, ಹಿಂದುಳಿದ ಗೆಳೆಯನಿಗೆ ಪಾಠ ಹೇಳಿಕೊಡುವುದು, ಊರಿನ ಸಂತೆಯ ಬೆಲೆಗಳನ್ನು ಬರೆದು ತಂದು ತೋರಿಸುವುದು ಇವೂ ಭಾಗವಹಿಸುವಿಕೆಯೇ. ಮಾತಾಡುವವನು ತನಗೆ ಬಂದ ಭಾಷೆಯಲ್ಲಿ ಆಡಲಿ. ಕನ್ನಡವಾಗಲಿ ತಮಿಳಾಗಲಿ ತೆಲುಗಾಗಲಿ ಉರ್ದುವಾಗಲಿ, ತರಗತಿಯಲ್ಲಿ ಅದನ್ನು ಅರ್ಥ ಮಾಡಿಸಿ ಹೇಳುವ ಗೆಳೆಯನೊಬ್ಬ ಈ ಊರಲ್ಲಿ ಸಿಕ್ಕೇ ಸಿಗುತ್ತಾನೆ. ಇಂಗ್ಲಿಷ್ ಬಲ್ಲ ಕೆಲವರ ಕೈಗೆ ಆಡಳಿತದ ಕೀಲಿಕೈ ಹೋದದ್ದನ್ನು ಲೋಹಿಯಾ ಅವರು ಜೀವಮಾನವಿಡೀ ಖಂಡಿಸಿದರು. ತರಗತಿಯ ಕೀಲಿಕೈಯನ್ನೂ ಅದೇ ಕೈಗೆ ಕೊಡುವುದು ಬೇಡ.

ಎಲ್ಲಕ್ಕಿಂತ ಮುಖ್ಯವಾದದ್ದು, ಅಂಕವನ್ನು ವಿಶ್ವವಿದ್ಯಾನಿಲಯಕ್ಕೆ ಕಳುಹಿಸುವ ಮೊದಲು ವಿದ್ಯಾರ್ಥಿಗೆ ಬಿಡಿಬಿಡಿಯಾಗಿ ತೋರಿಸಿ ಅವನ ಸಹಿ ಪಡೆಯುವುದು. ತನ್ನ ವಿಷಯದಲ್ಲಿ ರಿಜಿಸ್ಟರಿನಲ್ಲಿ ಏನು ಬರೆಯುತ್ತಾರೆ ಎಂಬುದರ ಬೆಲೆ ಈ ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1930ರಲ್ಲಿ ಕಾರ್ಮಿಕರ ಬೆರಳಚ್ಚು ತೆಗೆದು ದಾಖಲೆ ಇಡಲು ಗಣಿಯ ಆಡಳಿತ ಹೊರಟಾಗ ಸಾವಿರಾರು ಮಂದಿ ಕೆಲಸ ನಿಲ್ಲಿಸಿದ ನೆಲ ಇದು. ಸ್ಥಾಯಿ ಆದೇಶಗಳ ಕಾಯಿದೆ ಬರುವ ತನಕ ಕಾರ್ಮಿಕನನ್ನು ಮೇಸ್ತ್ರಿಯ ಮರ್ಜಿಯ ಮೇಲೆ ಕೆಲಸದಿಂದ ತೆಗೆಯಬಹುದಿತ್ತು. ಆಮೇಲೆ ತಪ್ಪೇನೆಂದು ಬರೆದು ಕೊಡಬೇಕಾಯಿತು, ಅವನ ಉತ್ತರ ಕೇಳಬೇಕಾಯಿತು. ಕಾರ್ಮಿಕನಿಗೆ ಎಂದೋ ಸಿಕ್ಕ ಈ ಮರ್ಯಾದೆ ಅವನ ಮಗನಿಗೆ ಕಾಲೇಜಿನಲ್ಲಿ ಸಿಗಬಾರದೇ?

ಇದಕ್ಕೆ ಹೊಸ ಕಾನೂನು ಬರಲೆಂದು ಕಾಯಬೇಕಾಗಿಯೂ ಇಲ್ಲ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ 2023ರಲ್ಲಿ ವಿದ್ಯಾರ್ಥಿಗಳ ಕುಂದುಕೊರತೆ ಪರಿಹಾರದ ನಿಯಮಗಳನ್ನು ಹೊರಡಿಸಿತು. ಅದರ ಪ್ರಕಾರ ಪ್ರತಿ ಕಾಲೇಜಿನಲ್ಲೂ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇರಬೇಕು. ಮೌಲ್ಯಮಾಪನದಲ್ಲಿ ಮರೆಮಾಚುವಿಕೆ ಅಥವಾ ಅನ್ಯಾಯ ನಡೆದರೆ ಅದೂ ದೂರಿಗೆ ಯೋಗ್ಯವಾದ ಕುಂದುಕೊರತೆಯೆಂದು ನಿಯಮದಲ್ಲೇ ಬರೆದಿದೆ. ದೂರು ಬಂದ 15 ಕೆಲಸದ ದಿನಗಳೊಳಗೆ ಸಮಿತಿ ವರದಿ ಕೊಡಬೇಕು. ಅದು ಸರಿಕಾಣದಿದ್ದರೆ 15 ದಿನಗಳೊಳಗೆ ವಿಶ್ವವಿದ್ಯಾನಿಲಯದ ಓಂಬುಡ್ಸ್‌ಪರ್ಸನ್ ಎಂಬ ಅಧಿಕಾರಿಯ ಬಳಿಗೆ ಮೇಲ್ಮನವಿ ಹೋಗಬಹುದು. ಈ ಸಮಿತಿ ತಮ್ಮ ಕಾಲೇಜಿನಲ್ಲಿ ಇದೆಯೇ, ಇದ್ದರೆ ಅದರಲ್ಲಿ ಯಾರಿದ್ದಾರೆ ಎಂದು ವಿದ್ಯಾರ್ಥಿಗಳನ್ನು ಕೇಳಿ ನೋಡಿ. ಸಮಿತಿಯ ಹೆಸರನ್ನೇ ಕೇಳದವರು ಹತ್ತರಲ್ಲಿ ಎಷ್ಟು ಮಂದಿ ಎಂಬುದು ನಿಮಗೇ ತಿಳಿಯುತ್ತದೆ.

ದೂರು ಕೊಟ್ಟರೆ ಮುಂದಿನ ಟರ್ಮಿನಲ್ಲಿ ಹಗೆ ಸಾಧಿಸುತ್ತಾರೆಂಬ ಹೆದರಿಕೆ ಇದ್ದೇ ಇದೆ. ಅದು ಸುಳ್ಳು ಹೆದರಿಕೆಯಲ್ಲ. ಒಬ್ಬಂಟಿಯಾಗಿ ಕೊಟ್ಟರೆ ಹಾಗಾಗಬಹುದು. ಇಡೀ ತರಗತಿ ಸಹಿ ಹಾಕಿ, ಯಾವ ಅಧ್ಯಾಪಕರ ಹೆಸರನ್ನೂ ಎತ್ತದೆ, ‘ನಮ್ಮ ಒಳ ಅಂಕಗಳನ್ನು ಬಾಬುವಾರು ತೋರಿಸಿ’ ಎಂದು ಪ್ರಿನ್ಸಿಪಾಲರಿಗೆ ಅರ್ಜಿ ಕೊಟ್ಟರೆ ಯಾರ ಮೇಲೆ ಹಗೆ ಸಾಧಿಸುತ್ತಾರೆ? ಮಿಲ್ಲಿನಲ್ಲಿ ಸಂಘ ಕಟ್ಟಿದವರು ಈ ಉಪಾಯವನ್ನು ತಮ್ಮ ಮಕ್ಕಳಿಗೆ ಕಲಿಸಬೇಕು. ಅತಿಥಿ ಉಪನ್ಯಾಸಕರನ್ನೂ ಜೊತೆಗೆ ಕರೆಯಬೇಕು. ಕಾಯಂ ಕೆಲಸ, ಸಣ್ಣ ತರಗತಿ ಎಂಬ ಅವರ ಬೇಡಿಕೆಗೆ ನಾವು ಬೆಂಬಲ ಕೊಟ್ಟರೆ ಬಾಬುವಾರು ಪಟ್ಟಿ ತೋರಿಸುವುದರಲ್ಲಿ ಅವರಿಗೂ ಅಂಜಿಕೆ ಇರುವುದಿಲ್ಲ. ಸರ್ಕಾರಿ ಕಾಲೇಜುಗಳ ಅಭಿವೃದ್ಧಿ ಸಮಿತಿಗಳಿಗೆ ಶಾಸಕರು ಅಧ್ಯಕ್ಷರಾಗಿರುತ್ತಾರೆ. ಓಟು ಕೇಳಲು ಲೈನುಗಳಿಗೆ ಬಂದಾಗ ಈ ಪ್ರಶ್ನೆಯನ್ನೂ ಅವರ ಮುಂದಿಡಿ.

ಈ ಟರ್ಮಿನ ಅಂಕಪಟ್ಟಿ ಕೈಗೆ ಬಂದ ಕೂಡಲೇ ಅದರಲ್ಲಿ ಒಳಗಿನದೆಷ್ಟು, ಹೊರಗಿನದೆಷ್ಟು ಎಂದು ಮಕ್ಕಳ ಜೊತೆ ಕೂತು ನೋಡಿ. ಹೊರಗೆ ಚೆನ್ನಾಗಿ ತೆಗೆದು ಒಳಗೆ ಬಿದ್ದವರ ಪಟ್ಟಿಯನ್ನು ಹೆಸರು ಮುಚ್ಚಿ ನಮ್ಮ ಕಚೇರಿಗೆ ತಲುಪಿಸಿದರೆ ಒಟ್ಟು ಮಾಡಿ ವಿಶ್ವವಿದ್ಯಾನಿಲಯದ ಕುಲಪತಿಗಳ ಮುಂದಿಡುತ್ತೇವೆ. ಅರ್ಜಿಯನ್ನು ಕನ್ನಡದಲ್ಲೂ ತಮಿಳಿನಲ್ಲೂ ಬರೆದುಕೊಡಲು ನಮ್ಮ ಕಾರ್ಯಕರ್ತರು ಭಾನುವಾರ ಬೆಳಿಗ್ಗೆ ಕಚೇರಿಯಲ್ಲಿರುತ್ತಾರೆ. ಬೆಂಗಳೂರಿನ ಗಾಡಿಯಲ್ಲಿ ದುಡಿಯಲು ಹೋಗುವವರಿಗೆ ಭಾನುವಾರವೂ ಬಿಡುವಿಲ್ಲದಿದ್ದರೆ ರಾತ್ರಿ ಗಾಡಿ ಇಳಿದ ಮೇಲೆ ಬರಲಿ, ದೀಪ ಉರಿಯುತ್ತಿರುತ್ತದೆ.